ಕಣಿವೆಯಾಚೆಯ ಹಕ್ಕಿ

ಉದಕಮಂಡಲಕ್ಕೆ ಹೋದವರು ಸಸ್ಯೋದ್ಯಾನ, ಸರೋವರ, ದೊಡ್ಡಬೆಟ್ಟಗಳನ್ನು ನೋಡಿ, ಚಳಿಗೆ ಕೈಯುಜ್ಜಿಕೊಳ್ಳುತ್ತ ಮರಳುವುದು ವಾಡಿಕೆ. ಹುಲ್ಲುಗಾವಲಿನ ಮಡಿಕೆಗಳಲ್ಲಿ ಹುದುಗಿರುವ ಶೋಲಾ ಕಾಡು ಯಾರನ್ನೂ ಕರೆಯುವುದಿಲ್ಲ. ಅಲ್ಲಿ ಪಾಚಿ ಹೊದ್ದ ಗಿಡ್ಡ ಮರಗಳ ಕೆಳಗೆ ಹಗಲಿನಲ್ಲಿಯೂ ಮಬ್ಬು. ಆ ಮಬ್ಬಿನಲ್ಲಿ, ತರಗೆಲೆಗಳ ನಡುವೆ ಹುಳು ಹುಡುಕುತ್ತ ಕುಪ್ಪಳಿಸುವ ನೀಲವರ್ಣದ ಪುಟ್ಟ ಹಕ್ಕಿಯೇ ನೀಲಗಿರಿ ಶೋಲಾಕಿಳಿ. ಅದರ ಪಕ್ಕೆಗಳು ಕೆಂಗಂದು. ಕನ್ನಡದ ಕಿವಿಗೆ ಗಿಳಿಯೆಂದು ಕೇಳಿಸಿದರೂ ಇದು ಗಿಳಿಯಲ್ಲ. ಮಲೆಯಾಳದಲ್ಲಿ ಕಿಳಿಯೆಂದರೆ ಹಕ್ಕಿ. ಬಾಬಾಬುಡನ್ ಗಿರಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಇದರ ವಾಸವುಂಟು.

ಬೆಟ್ಟವಿಳಿದು ಕೊಯಮತ್ತೂರಿನಲ್ಲಿ ಪಾಲ್ಘಾಟಿನ ರೈಲು ಹತ್ತಿದರೆ, ಪಶ್ಚಿಮಘಟ್ಟದ ಗೋಡೆ ಒಮ್ಮೆಲೇ ಒಡೆದುಹೋದುದು ಕಾಣುತ್ತದೆ. ಬಲಕ್ಕೆ ಉತ್ತರದ ಬೆಟ್ಟಗಳು, ಎಡಕ್ಕೆ ದೂರದಲ್ಲಿ ಆನೆಮಲೆ. ನಡುವೆ ಸುಮಾರು 30–40 ಕಿಲೋಮೀಟರ್ ಅಗಲದ ಬಯಲು, ತಾಳೆಮರ, ಬಿಸಿಗಾಳಿ. ಇದನ್ನು ದಾಟಿ ಕೊಡೈಕಾನಲ್ ಏರಲು ಮನುಷ್ಯನಿಗೆ ಒಂದು ಹಗಲು ಸಾಕು. ಎತ್ತರದ ತಂಪನ್ನು ಬಿಟ್ಟಿಳಿಯದ ಹಕ್ಕಿಗೆ ಇದು ಸಮುದ್ರವೇ ಸರಿ.

ಕೊಡೈಕಾನಲ್ಲಿನ ಶೋಲಾದಲ್ಲಿಯೂ ಅದೇ ನಡೆ, ಅದೇ ನೀಲಿ. ಆದರೆ ಹೊಟ್ಟೆ ಬಿಳಿ, ಕೆಂಗಂದು ಮಾಯ! ಒಂದಾನೊಂದು ಕಾಲಕ್ಕೆ ಇವೆರಡರದೂ ಒಂದೇ ಮನೆತನ. ಲಕ್ಷಾಂತರ ವರ್ಷಗಳ ಹವೆಯ ಏರಿಳಿತದಲ್ಲಿ ಕಾಡು ಹಿಗ್ಗಿ ಕುಗ್ಗಿ, ಬಳಗ ಕಣಿವೆಯ ಎರಡು ದಡಗಳಲ್ಲಿ ಉಳಿಯಿತು. ಕೊಟ್ಟು ತರುವ ಸಂಬಂಧ ಕಡಿಯಿತು. ತಲೆಮಾರಿನಿಂದ ತಲೆಮಾರಿಗೆ ಆನುವಂಶಿಕತೆಯಲ್ಲಾಗುವ ಸಣ್ಣ ವ್ಯತ್ಯಾಸಗಳಲ್ಲಿ ಈಚೆ ಕೆಲವು ನೆಲೆನಿಂತವು, ಆಚೆ ಬೇರೆ ಕೆಲವು. ಬೆರೆಸಿ ಸಮಮಾಡುವ ಕೂಟವೇ ಇಲ್ಲವಾಯಿತು. ಒಂದು ಎರಡಾದ ದಿನ ಇಂಥದೇ ಎಂದು ಯಾರೂ ಹೇಳಲಾರರು.

ಪಂಡಿತರೂ ತಡವರಿಸಿದರು. 1868ರಲ್ಲಿ ಬ್ಲಾನ್‌ಫರ್ಡ್ ಬಿಳಿ ಹೊಟ್ಟೆಯದಕ್ಕೆ ಬೇರೆ ಹೆಸರಿಟ್ಟನು. ಅನಂತರದ ಗ್ರಂಥಗಳು ಎರಡನ್ನೂ ಬಹುಕಾಲ ಒಂದೇ ಪ್ರಭೇದವೆಂದು ಎಣಿಸಿದುವು. 2017ರಲ್ಲಿ ಆನುವಂಶಿಕ ಪರೀಕ್ಷೆಯ ಬಳಿಕ ಇವುಗಳಿಗೆ ‘ಶೋಲಿಕೋಲ’ ಎಂಬ ಹೊಸ ಕುಲವೇ ದೊರೆಯಿತು. ಇನ್ನೂ ದಕ್ಷಿಣದಲ್ಲಿ, ಶೆಂಕೋಟೆಯ ಕಣಿವೆಯಾಚೆ ಅಶಂಬು ಬೆಟ್ಟಗಳಲ್ಲಿ ಮೂರನೆಯದೂ ಪತ್ತೆಯಾಯಿತು.

ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಚಹಾ, ನೀಲಗಿರಿಮರ, ವಾಟಲ್ ತೋಪುಗಳು ಈ ಬೆಟ್ಟಗಳಲ್ಲಿ ಹೊಸ ಕಣಿವೆಗಳನ್ನು ತೋಡಿವೆ. ಪ್ರಕೃತಿ ತೋಡಿದ ಕಣಿವೆ ಯುಗಗಳ ಅವಕಾಶ ಕೊಟ್ಟಿತ್ತು. ತೋಟಗಳ ನಡುವೆ ಸಿಕ್ಕ ತುಣುಕು ಶೋಲಾದ ಹತ್ತಾರು ಹಕ್ಕಿಗಳಿಗೆ ಆ ಅವಕಾಶವಿಲ್ಲ; ಬೇರೆಯಾಗುವ ಮೊದಲೇ ಅವು ಅಳಿದಾವು.

ಇವನ್ನು ನೋಡಬಯಸುವವರು ಮುಂಜಾನೆ ಶೋಲಾದ ಅಂಚಿನಲ್ಲಿ ಸದ್ದಿಲ್ಲದೆ ಕಾಯಬೇಕು. ಒಳನುಗ್ಗಿದವರಿಗೆ ಕಾಣುವುದು ಅಲುಗುವ ಪೊದೆ ಮಾತ್ರ.