ಕೂಗಳತೆಯ ದೂರ

ಸ್ಮರಣ ಸಂಚಿಕೆಗೆ ಒಂದು ಪ್ರಬಂಧ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ನಿವೃತ್ತ ಮುಖ್ಯಾಧ್ಯಾಪಕರಾದ ನಮ್ಮಿಂದ ಅವರು ನಿರೀಕ್ಷಿಸಿದ್ದು ಗಡಿನಾಡಿನ ಕನ್ನಡ ಶಾಲೆಗಳ ಕುರಿತೋ ವಚನಗಳ ಕುರಿತೋ ಒಂದು ಬರಹವನ್ನು. ವಿಮಾನ ನಿಲ್ದಾಣದ ಸಮೀಪದಲ್ಲಿ ವಸತಿಗೃಹವನ್ನು ಆರಿಸಿಕೊಳ್ಳುವ ಬಗ್ಗೆ ಬರೆಯುತ್ತೇವೆಂದು ನಾವು ಹೇಳಿದಾಗ ಅವರು ಕ್ಷಣಕಾಲ ಸುಮ್ಮನಾದರು. ಸಾಹಿತ್ಯ ಮೇಳಕ್ಕೆ ಈ ವಿಷಯ ಒಗ್ಗುವುದೇ ಎಂಬ ಸಂಶಯ ನಮಗೂ ಇತ್ತು. ಆದರೆ ಸಂಘದ ಸದಸ್ಯರ ಮನೆಗಳನ್ನು ಒಂದೊಂದಾಗಿ ನೆನೆಯುತ್ತ ಹೋದಾಗ, ಮಗನೋ ಮಗಳೋ ಮೊಮ್ಮಗನೋ ಪರದೇಶದಲ್ಲಿರುವ ಮನೆಗಳು ಹಲವು ಕಂಡವು. ಸಾಂಗಲಿ–ಮಿರಜಗಳಿಗೋ ನಿಯತ ವಿಮಾನ ಸಂಚಾರವಿಲ್ಲ. ಕವಲಾಪುರದ ಹಳೆಯ ಧಾವನಪಥ ಇದ್ದೂ ಇಲ್ಲದಂತಿದೆ. ಕೊಲ್ಹಾಪುರ ಸುಮಾರು ೫೦ ಕಿ.ಮೀ. ದೂರ, ಬೆಳಗಾವಿಯ ಸಾಂಬ್ರಾ, ಪುಣೆಯ ಲೋಹಗಾವ್ ಇನ್ನೂ ದೂರ. ಪರದೇಶದಿಂದ ಬರುವ ಮಕ್ಕಳನ್ನು ಕಾಣಲು ನಾವು ಹೆಚ್ಚಾಗಿ ಮುಂಬಯಿಗೇ ಹೋಗಬೇಕು. ಹೋದಮೇಲೆ ಒಂದು ರಾತ್ರಿ ಎಲ್ಲಿಯಾದರೂ ತಂಗಬೇಕು.

ಬಾಲ್ಯದಲ್ಲಿ ನಮಗೆ ಈ ಚಿಂತೆ ತಿಳಿದಿರಲಿಲ್ಲ. ಆಗ ತಂಗಲು ಬರುವವರು ನಮ್ಮ ಮನೆಗೇ ಬರುತ್ತಿದ್ದರು. ನಮ್ಮ ಮನೆ ಮಿರಜ ಜಂಕ್ಷನ್ನಿಗೆ ಕೂಗಳತೆಯ ದೂರದಲ್ಲಿತ್ತು. ಬೆಳಗಾವಿ, ಹುಬ್ಬಳ್ಳಿಗಳ ಕಡೆಯಿಂದ ಮೀಟರ್‌ಗೇಜ್ ಗಾಡಿಯಲ್ಲಿ ಬಂದವರು ಪಂಢರಪುರಕ್ಕೆ ಹೋಗಬೇಕಾದರೆ ಮಿರಜದಲ್ಲಿಳಿದು ಬಾರ್ಸಿ ಲೈಟ್ ರೈಲ್ವೆಯ ಸಣ್ಣ ಗಾಡಿ ಹಿಡಿಯಬೇಕಿತ್ತು. ೧೯೨೭ರಲ್ಲಿ ಆ ಕಿರುಹಳಿ ಮಿರಜ ಮುಟ್ಟಿದಾಗಿನಿಂದ ನಮ್ಮ ಪಡಸಾಲೆಗೆ ವಿಠ್ಠಲನ ಭಕ್ತರು ತಪ್ಪಿದ್ದಿಲ್ಲವೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ೧೮೯೪ರಲ್ಲಿ ಡಾ. ವಿಲಿಯಂ ವಾನ್ಲೆಸ್ ಆರಂಭಿಸಿದ ಮಿಷನ್ ಆಸ್ಪತ್ರೆಗೆ ಅಥಣಿ, ಜಮಖಂಡಿ, ರಾಯಬಾಗಗಳಿಂದ ರೋಗಿಗಳು ಬರುತ್ತಿದ್ದರು. ಅವರ ಜೊತೆಗೆ ಬಂದವರು ನಮ್ಮಲ್ಲಿ ಮಲಗುತ್ತಿದ್ದರು. ದರ್ಗಾದ ಉರುಸಿನಲ್ಲಿ ಅಬ್ದುಲ್ ಕರೀಂ ಖಾನರ ಸ್ಮರಣೆಯ ಸಂಗೀತ ಕೇಳಲು ಬಂದ ಧಾರವಾಡದ ಬೀಗರೂ ಅಷ್ಟೇ. ಗಾಡಿ ತಡವಾದರೆ ಅವ್ವ ಇನ್ನೆರಡು ರೊಟ್ಟಿ ಬಡಿಯುತ್ತಿದ್ದಳು. ಮನೆಯಿಂದ ನಿಲ್ದಾಣ ಎಷ್ಟು ದೂರವೆಂದು ಯಾರಾದರೂ ಕೇಳಿದರೆ, “ಗಾಡಿ ಸಿಳ್ಳು ಹಾಕಿದ ಮ್ಯಾಲೆ ಚಪ್ಪಲಿ ಮೆಟ್ಟಿದರೂ ಸಿಗತದ” ಎನ್ನುತ್ತಿದ್ದಳು. ಅವಳ ಅಳತೆಯಲ್ಲಿ ದೂರವೆಂದರೆ ಹೊತ್ತು. ಈ ಪಾಠವನ್ನು ಮನೆಯಲ್ಲಿಯೇ ಕಲಿತಿದ್ದ ನಾವು ಮುಂಬಯಿಯಲ್ಲಿ ಅದನ್ನು ಮರೆತೆವು.

ನಾಲ್ಕು ವರ್ಷಗಳ ಹಿಂದಿನ ಮಾತು. ಲಂಡನ್ನಿನಲ್ಲಿರುವ ಮಗಳು ಎರಡು ವರ್ಷದ ಮಗನೊಡನೆ ಗಂಡನಿದ್ದ ಸಿಂಗಪುರಕ್ಕೆ ಹೊರಟಿದ್ದಳು. ನಡುವೆ ಮುಂಬಯಿಯಲ್ಲಿ ೧೧ ತಾಸುಗಳ ಬಿಡುವು. ಸಂಜೆ ಐದಕ್ಕೆ ಇಳಿದು ನಸುಕಿನ ನಾಲ್ಕಕ್ಕೆ ಏರುವುದು. ಮಿರಜಕ್ಕೆ ಬಂದು ಹೋಗಲು ಸಾಲದು. ಆದ್ದರಿಂದ ನಾವೇ ಹೋಗುವುದೆಂದಾಯಿತು. ವಿಲೆಪಾರ್ಲೆಯ ಕಡೆಯ ಒಂದು ವಸತಿಗೃಹ ತನ್ನ ಹೆಸರಿನಲ್ಲಿಯೇ ‘ಏರ್‌ಪೋರ್ಟ್’ ಎಂದು ಬರೆದುಕೊಂಡಿತ್ತು. ನಿಲ್ದಾಣಕ್ಕೆ ಐದು ನಿಮಿಷವೆಂಬ ಜಾಹೀರಾತೂ ಇತ್ತು. ಬೇರೆಡೆಗಿಂತ ಒಂದೂವರೆ ಸಾವಿರ ರೂಪಾಯಿ ಕಡಿಮೆ. ಪಿಂಚಣಿದಾರರ ಕಣ್ಣು ಅಲ್ಲಿಯೇ ನಿಂತಿತು.

ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಮುಂಜಾನೆ ದಾದರಿನಲ್ಲಿಳಿದು ಟ್ಯಾಕ್ಸಿ ಹಿಡಿದು ಹೋದರೆ, ಮಧ್ಯಾಹ್ನ ಎರಡರ ಮೊದಲು ಕೋಣೆ ಕೊಡುವುದಿಲ್ಲವೆಂದರು. ಆರು ತಾಸು ಮುಂಚಾವಡಿಯ ಕುರ್ಚಿಯಲ್ಲಿ ಕುಳಿತೆವು. ನಮ್ಮ ಶ್ರೀಮತಿಯವರ ತೊಡೆಯ ಮೇಲೆ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಸಾಂಗಲಿಯ ಭಡಂಗದ ಪೊಟ್ಟಣ. ಸಂಜೆ ಐದೂವರೆಗೆ ಹೊರಟು ನಿಜವಾಗಿಯೂ ಐದಾರು ನಿಮಿಷದಲ್ಲಿ ನಿಲ್ದಾಣ ಮುಟ್ಟಿದೆವು. ಜಾಹೀರಾತು ಸುಳ್ಳಾಗಿರಲಿಲ್ಲ. ಆದರೆ ಅದು ಒಂದನೆಯ ಟರ್ಮಿನಲ್. ಪರದೇಶದ ವಿಮಾನಗಳು ಬರುವುದು ಸಹಾರದ ಎರಡನೆಯ ಟರ್ಮಿನಲ್ಲಿಗೆ. ೨೦೧೪ರಿಂದ ಬಳಕೆಗೆ ಬಂದ ಆ ದೊಡ್ಡ ಕಟ್ಟಡ ಇನ್ನೊಂದು ದಿಕ್ಕಿನಲ್ಲಿದೆ. ವಿಮಾನಗಳಿಗೆ ಓಡುಹಾದಿಗಳು ಅವೇ, ಮನುಷ್ಯರಿಗೆ ಹಾದಿ ಬೇರೆ. ಆಷಾಢದ ಮಳೆ, ಹೆದ್ದಾರಿಯಲ್ಲಿ ವಾಹನಗಳ ಸಾಲು. ನಾವು ಸಹಾರ ಮುಟ್ಟಿದಾಗ ಏಳೂಕಾಲು. ಮಗಳು ಹೊರಗೆ ಬಂದು ಮುಕ್ಕಾಲು ತಾಸಾಗಿತ್ತು. ಕೋಣೆಗೆ ಮರಳಿದಾಗ ಒಂಬತ್ತಕ್ಕೆ ಕಾಲು ತಾಸು ಉಳಿದಿತ್ತು. ಮೊಮ್ಮಗ ಟ್ಯಾಕ್ಸಿಯಲ್ಲಿಯೇ ನಿದ್ದೆಹೋದವನು ಮತ್ತೆ ಏಳಲಿಲ್ಲ. ಅವನು ಅಜ್ಜಿಯನ್ನು ಏನೆಂದು ಕರೆಯುತ್ತಾನೆಂಬುದನ್ನು ಕೇಳಲೆಂದೇ ಶ್ರೀಮತಿಯವರು ಅಷ್ಟು ದೂರ ಬಂದಿದ್ದರು. ಮಧ್ಯರಾತ್ರಿ ಹನ್ನೆರಡಕ್ಕೆ ಅವನನ್ನು ಮಲಗಿದ್ದಂತೆಯೇ ಹೆಗಲಿಗೆ ಹಾಕಿಕೊಂಡು ಮಗಳು ಹೊರಟಳು. ಸರಿಯಾದ ಕಡೆ ತಂಗಿದ್ದರೆ ಸಿಗುತ್ತಿದ್ದುದು ಐದೂವರೆ ತಾಸು, ಸಿಕ್ಕಿದ್ದು ಮೂರೂಕಾಲು. ಒಂದೂವರೆ ಸಾವಿರ ರೂಪಾಯಿ ಉಳಿಸಲು ಹೋಗಿ ನಾವು ಕಳೆದುಕೊಂಡದ್ದು ಇದನ್ನು.

ತಪ್ಪು ಯಾರದು ಎಂದರೆ ನಮ್ಮದೇ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರೆಂದು ಹೇಳಿದ ನಾವು, ಟಿಕೆಟ್ಟಿನಲ್ಲಿ ಬರೆದಿದ್ದ ಟರ್ಮಿನಲ್ಲಿನ ಅಂಕಿಯನ್ನು ಓದಿರಲಿಲ್ಲ. ಬೆಂಗಳೂರಿನಲ್ಲಿಯೂ ಇಂಥದೇ ಎಡವಟ್ಟಿಗೆ ಸಿಕ್ಕ ಬಂಧುಗಳಿದ್ದಾರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಹೋಗಿ ಮೆಜೆಸ್ಟಿಕ್ಕಿನಲ್ಲಿ ಕೋಣೆ ಹಿಡಿದು, ನಗರದಲ್ಲಿಯೇ ಇದ್ದೇವಲ್ಲ ಎಂದು ನೆಮ್ಮದಿಯಿಂದಿರುತ್ತಾರೆ. ೨೦೦೮ರ ಮೇ ತಿಂಗಳಿನಿಂದ ವಿಮಾನಗಳು ದೇವನಹಳ್ಳಿಯ ಕಡೆಗೆ ಹೋಗಿವೆ. ಅಲ್ಲಿಂದ ಅದು ಸುಮಾರು ೩೫ ಕಿ.ಮೀ.

ಕಳೆದ ವರ್ಷ ಮತ್ತೆ ಅಂಥದೇ ಸಂದರ್ಭ ಒದಗಿತು. ಈ ಸಲ ಅದು ಬರೀ ಭೇಟಿಯಾಗಿರಲಿಲ್ಲ. ಶ್ರೀಮತಿಯವರ ಹೃದಯಕ್ಕೆ ಶಸ್ತ್ರಚಿಕಿತ್ಸೆ ಆಗಬೇಕೆಂದು ವೈದ್ಯರು ಹೇಳಿದ್ದರು. ಮುಂಬಯಿಯವರೆಗೆ ಕಾರಿನಲ್ಲಿ ನಿಧಾನವಾಗಿ ಹೋಗಿಬರಬಹುದೆಂದೂ, ಆದರೆ ಚಿಕಿತ್ಸೆಗೆ ತಿಂಗಳು ಮೀರಬಾರದೆಂದೂ ತಿಳಿಸಿದ್ದರು. ಶ್ರೀಮತಿಯವರು ಒಪ್ಪಿರಲಿಲ್ಲ. “ಎಪ್ಪತ್ತಾತು, ಇನ್ನ ಎದಿ ಕೊಯ್ಯಿಸ್ಕೊಂಡು ಏನು ಮಾಡೋದೈತಿ?” ಎಂಬುದೊಂದೇ ಮಾತು. ಮಗಳು ಫೋನಿನಲ್ಲಿ ಹೇಳಿ ಸೋತಳು. ಫೋನಿನಲ್ಲಿ ಅವರು “ಆತು, ನೋಡೋಣ” ಎಂದು ಮಾತು ಮುಗಿಸುತ್ತಿದ್ದರು. ಮಗಳಿಗೆ ರಜೆ ಸಿಗದು. ಆದರೆ ಕಚೇರಿಯ ಕೆಲಸಕ್ಕಾಗಿ ಸಿಂಗಪುರಕ್ಕೆ ಹೋಗುವ ಹಾದಿಯನ್ನು ಅವಳು ಮುಂಬಯಿಯ ಮೇಲೆ ತಿರುಗಿಸಿಕೊಂಡಳು. ಮಧ್ಯಾಹ್ನ ಒಂದಕ್ಕೆ ಇಳಿದು ರಾತ್ರಿ ಮೂರಕ್ಕೆ ಏರುವುದು.

ನಾವು ಕಾಗದ ಪೆನ್ನು ಹಿಡಿದು ಕುಳಿತೆವು. ಒಟ್ಟು ೧೪ ತಾಸು. ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆ, ಸಾಮಾನು ಎಂದು ಒಂದೂವರೆ ತಾಸು. ಏರುವ ಮೊದಲು ಮೂರು ತಾಸು ಮುಂಚಿತವಾಗಿ ಅಲ್ಲಿರಬೇಕು. ಉಳಿದದ್ದು ಒಂಬತ್ತೂವರೆ. ಇದರಲ್ಲಿ ಹಾದಿ ಎಷ್ಟು ತಿನ್ನುತ್ತದೆ ಎಂಬುದೊಂದೇ ನಮ್ಮ ಕೈಯಲ್ಲಿದ್ದದ್ದು. ಹೋಗಲು ಅರ್ಧ, ಬರಲು ಅರ್ಧವಾದರೆ ಎಂಟೂವರೆ ತಾಸು ಸಿಗುತ್ತದೆ. ಒಂದೂವರೆ, ಒಂದೂವರೆಯಾದರೆ ಆರೂವರೆಗೆ ಇಳಿಯುತ್ತದೆ.

ಅಂಧೇರಿ ಪೂರ್ವದ ನಾಲ್ಕು ವಸತಿಗೃಹಗಳಿಗೆ ನಾವೇ ಫೋನು ಮಾಡಿದೆವು. ಕೇಳಿದ ಪ್ರಶ್ನೆಗಳನ್ನು ಸದಸ್ಯರ ಉಪಯೋಗಕ್ಕೆಂದು ಇಲ್ಲಿ ಹೇಳುತ್ತೇವೆ. ಯಾವ ಟರ್ಮಿನಲ್ಲಿಗೆ ಸಮೀಪ? ಮೈಲಿಯ ಲೆಕ್ಕ ಬೇಡ, ಮಧ್ಯಾಹ್ನ ಎರಡೂವರೆಗೆ ಎಷ್ಟು ನಿಮಿಷ, ರಾತ್ರಿ ಹನ್ನೊಂದೂವರೆಗೆ ಎಷ್ಟು ನಿಮಿಷ? ಮುಂಜಾನೆ ಬಂದರೆ ಕೋಣೆ ಕೊಡುವಿರಾ, ಅದಕ್ಕೆ ಬೇರೆ ಹಣವೇ? ಮಧ್ಯರಾತ್ರಿ ನಿಮ್ಮದೇ ವಾಹನವಿದೆಯೇ? ಮೆಟ್ಟಿಲು ಹತ್ತಬೇಕೇ, ಲಿಫ್ಟ್ ಇದೆಯೇ? ವಿಮಾನ ತಡವಾದರೆ ಏನು? ಕೊನೆಯದು ಬಹಳ ಜನ ಮರೆಯುವಂಥದು: ಕೋಣೆ ನಮ್ಮ ಹೆಸರಿನಲ್ಲಿದ್ದಾಗ ಮಗಳನ್ನು ಒಳಗೆ ಬಿಡುವಿರಾ? ಹೆಸರು ನೋಂದಾಯಿಸದ ಅತಿಥಿಗಳನ್ನು ಕೋಣೆಗೆ ಬಿಡದಿರುವ ಕಡೆಗಳುಂಟು. ಮೊದಲೇ ಅವಳ ಹೆಸರು ಬರೆಸಿ ಪಾಸ್‌ಪೋರ್ಟಿನ ಪ್ರತಿ ಕಳಿಸಿದೆವು.

ಅಷ್ಟಕ್ಕೂ ನಂಬಿಕೆ ಬಾರದೆ, ಅಂಧೇರಿಯಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆವು. ಗಣಿತದಲ್ಲಿ ಎರಡು ಸಲ ಅನುತ್ತೀರ್ಣನಾದ ಹುಡುಗ. ಅವನು ಒಂದು ರಾತ್ರಿ ಹನ್ನೊಂದೂವರೆಗೆ ಆ ವಸತಿಗೃಹದ ಬಾಗಿಲಿನಿಂದ ಎರಡನೆಯ ಟರ್ಮಿನಲ್ಲಿನವರೆಗೆ ತನ್ನ ವಾಹನದಲ್ಲಿ ಹೋಗಿ, “ಹನ್ನೆರಡು ನಿಮಿಷ ಸರ್, ಈ ಸಲ ಲೆಕ್ಕ ತಪ್ಪಿಲ್ಲ” ಎಂದು ತಿಳಿಸಿದ. ಬಾಡಿಗೆ ಮೊದಲಿನದಕ್ಕಿಂತ ದುಪ್ಪಟ್ಟು. ಶ್ರೀಮತಿಯವರಿಗೆ ಅದನ್ನು ಹೇಳಲಿಲ್ಲ.

ಹಿಂದಿನ ದಿನವೇ ಹೋಗಿ ತಂಗಿದೆವು. ಮುಂಚಾವಡಿಯಲ್ಲಿ ನಾವಿಬ್ಬರೂ ಮಾತನಾಡುವುದನ್ನು ಕೇಳಿದ ವ್ಯವಸ್ಥಾಪಕರು ಎದ್ದು ಬಂದರು. ಉಡುಪಿಯ ಕಡೆಯವರು. “ನೀವು ಬಿಜಾಪುರದವರಾ?” ಎಂದರು. ಮಿರಜದವರೆಂದೆವು. “ಮಿರಜದಲ್ಲಿ ಕನ್ನಡ ಉಂಟಾ?” ಎಂದು ಬೆರಗಾದರು. “ಉಂಟು, ಸಂಘವೂ ಉಂಟು” ಎಂದೆವು. ಅವರ ಕನ್ನಡ ನಮಗೆ ಪುಸ್ತಕದಂತೆ, ನಮ್ಮ ಕನ್ನಡ ಅವರಿಗೆ ಅರ್ಧ ಮರಾಠಿಯಂತೆ ಕೇಳಿಸಿರಬೇಕು. ಆದರೂ ಕೆಲಸಕ್ಕೆ ತೊಡಕಾಗಲಿಲ್ಲ. ಮರುದಿನ ನಮ್ಮ ಎಣ್ಣೆಗಾಯಿಯನ್ನು ಅವರ ಅಡುಗೆಮನೆಯಲ್ಲಿಯೇ ಬಿಸಿ ಮಾಡಿಸಿ ಕಳಿಸಿದರು.

ಮಗಳು ಮೂರಕ್ಕೆ ಕೋಣೆಯೊಳಗೆ ಬಂದಳು. ಮೊದಲ ಎರಡು ತಾಸು ಶಸ್ತ್ರಚಿಕಿತ್ಸೆಯ ಮಾತೇ ಬರಲಿಲ್ಲ. ಊಟವಾಯಿತು. ತಾಯಿ ಮಲಗಿದರು, ಮಗಳು ಪಕ್ಕದಲ್ಲಿ ಕುಳಿತು ಕಾಲೊತ್ತಿದಳು. ಕಿಟಕಿಯಾಚೆ ಆಗಾಗ ವಿಮಾನದ ಸದ್ದು. ಸಂಜೆ ಎದ್ದಾಗ ಚಹಾ ಕುಡಿಯುತ್ತ ಮಗಳು ವೈದ್ಯಕೀಯ ವರದಿಯನ್ನು ಒಂದೊಂದು ಸಾಲಾಗಿ ಕನ್ನಡದಲ್ಲಿ ತಿಳಿಸಿಹೇಳಿದಳು. ಆಗ ಹೊರಬಿತ್ತು ನಿಜವಾದ ಅಂಜಿಕೆ. ಐವತ್ತು ವರ್ಷಗಳ ಹಿಂದೆ ನಮ್ಮ ಪಡಸಾಲೆಯಲ್ಲಿ ತಂಗಿದ್ದ ರೋಗಿಯೊಬ್ಬಳು ಆಸ್ಪತ್ರೆಗೆ ನಡೆದುಹೋದವಳು ಮರಳಿ ಬಂದಿರಲಿಲ್ಲ. ಹೊಸ ಸೊಸೆಯಾಗಿದ್ದ ಶ್ರೀಮತಿಯವರು ಅವಳಿಗೆ ಗಂಜಿ ಕಾಸಿ ಕೊಟ್ಟಿದ್ದರು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ನಮಗೂ ಅದನ್ನು ಅವರು ಹೇಳಿರಲಿಲ್ಲ. ಫೋನಿನಲ್ಲಂತೂ ಹೇಳುವ ಮಾತಲ್ಲ.

ರಾತ್ರಿ ಹತ್ತರ ಹೊತ್ತಿಗೆ, “ಮಾಡಿಸ್ಕೋತೀನಿ. ಆದರ ಮಿರಜದಾಗ ಮಾಡಿಸ್ಕೋತೀನಿ, ಮನಿಗೆ ಹತ್ತರ ಇರ್ಲಿ” ಎಂದರು. ಹನ್ನೊಂದೂವರೆಗೆ ವಾಹನ ಬಾಗಿಲಿಗೆ ಬಂತು. ಹನ್ನೆರಡು ನಿಮಿಷದ ಹಾದಿ ಅಂದು ಹತ್ತೇ ನಿಮಿಷದಲ್ಲಿ ಮುಗಿಯಿತು.

ಶಸ್ತ್ರಚಿಕಿತ್ಸೆ ಮಿರಜದಲ್ಲಿಯೇ ಆಯಿತು, ಚೆನ್ನಾಗಿ ಆಯಿತು. ಮೊದಲ ಭೇಟಿಯಲ್ಲಿ ಸಿಕ್ಕಂತೆ ಮೂರೂಕಾಲು ತಾಸಷ್ಟೇ ಅಂದು ಸಿಕ್ಕಿದ್ದರೆ ಊಟ, ನಿದ್ದೆಗಳಾಗಿ ಮಗಳು ಎದ್ದು ಹೊರಡುತ್ತಿದ್ದಳು. ಆ ಮಾತು ಹೊರಗೆ ಬರುತ್ತಿರಲಿಲ್ಲ. ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಯಾರಾದರೂ ಮಕ್ಕಳನ್ನು ಕಾಣಲು ಹೋಗಿಬಂದರೆ, ತಂಗಿದ್ದ ಕಡೆಯಿಂದ ಟರ್ಮಿನಲ್ಲಿಗೆ ಯಾವ ಹೊತ್ತಿನಲ್ಲಿ ಎಷ್ಟು ನಿಮಿಷ ಹಿಡಿಯಿತೆಂದು ಸಂಘದ ವಹಿಯಲ್ಲಿ ಬರೆದಿಡಿರಿ. ೨೦೨೪ರ ಅಕ್ಟೋಬರದಿಂದ ಎರಡನೆಯ ಟರ್ಮಿನಲ್ಲಿಗೆ ಮೆಟ್ರೋ ಕೂಡ ಬಂದಿದೆ. ಅದರಲ್ಲಿ ಹೋದವರು ಅದನ್ನೂ ಬರೆಯಿರಿ. ಹಿಂದೆ ಇಂಥ ಲೆಕ್ಕ ನಮ್ಮ ಅವ್ವನಂಥವರ ಬಾಯಲ್ಲಿಯೇ ಇರುತ್ತಿತ್ತು.

ಇದನ್ನು ಶ್ರೀಮತಿಯವರಿಗೆ ಓದಿ ತೋರಿಸಿದೆವು. ಬಾಡಿಗೆ ದುಪ್ಪಟ್ಟು ಎಂಬಲ್ಲಿಗೆ ಬಂದಾಗ ತಡೆದು, “ಎಷ್ಟು ಕೊಟ್ಟಿದ್ರಿ, ಖರೇ ಹೇಳ್ರಿ” ಎಂದರು. ಹೇಳಿದೆವು. ಸ್ವಲ್ಪ ಹೊತ್ತು ಲೆಕ್ಕ ಹಾಕಿ, “ಮುಂದಿನ ಸಲ ಮೊಮ್ಮಗ ಬರ್ತಾನ. ಅಲ್ಲೇ ಹಿಡೀರಿ” ಎಂದರು.