ಕೇಳದ ಹಾಡಿನ ಬೆಲೆ

ಹಂಪೆಯ ವಿಠ್ಠಲ ದೇವಾಲಯಕ್ಕೆ ಅನತಿ ದೂರದಲ್ಲಿ, ತುಂಗಭದ್ರೆಯ ದಡಕ್ಕೆ ಇಳಿಯುವ ಹಾದಿಯಲ್ಲಿ, ತಳಾರಿಘಟ್ಟದ ಹೆಬ್ಬಾಗಿಲು ನಿಂತಿದೆ. ರಾಜಧಾನಿ ಹಾಳಾಗಿ 450 ವರ್ಷಗಳು ಕಳೆದರೂ ದಾರಿ ಇಂದಿಗೂ ಅದರ ಕೆಳಗೇ ಹಾದುಹೋಗುತ್ತದೆ. ನದಿಯನ್ನು ದಾಟಿ ಪಟ್ಟಣವನ್ನು ಹೊಗುವವರು ಅಂದು ಅಲ್ಲಿಯ ಕಾವಲುಗಾರರ ಕಣ್ಣಿಗೆ ಬೀಳದೆ ಮುಂದೆ ಸಾಗುವಂತಿರಲಿಲ್ಲ. ಸುಂಕ ಕೊಡಬೇಕಾದವರು ಕೊಟ್ಟಿರಬೇಕು, ಕೊಡುವಾಗ ಗೊಣಗಿಯೂ ಇರಬೇಕು. ಆದರೆ ತಾವು ಸುಂಕ ಕೊಟ್ಟೆವೆಂಬುದು ಅವರಿಗೆ ತಿಳಿದಿತ್ತು. ತೆರಿಗೆಯನ್ನು ಬಿಟ್ಟುಕೊಟ್ಟುದನ್ನು ಸಹ ವಿಜಯನಗರದ ಅರಸರು ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಸದಾಶಿವರಾಯನ ಕಾಲದಲ್ಲಿ ನಾವಿದರ ತೆರಿಗೆಯನ್ನು ಮನ್ನಾ ಮಾಡಿದುದಕ್ಕೆ ಶಾಸನಗಳುಂಟು. ಅದೇ ದಡದಲ್ಲಿ ಹರಿಗೋಲು ಹಾಕುವವನೂ ತನ್ನ ಬಾಡಿಗೆಯನ್ನು ನೆಲದ ಮೇಲಿರುವಾಗಲೇ ಹೇಳುತ್ತಾನೆ. ಒಪ್ಪಿದವನು ಹತ್ತುತ್ತಾನೆ, ಒಪ್ಪದವನು ಬಂಡೆಯ ಮೇಲೆ ಕುಳಿತು ಚೌಕಾಸಿ ಮಾಡುತ್ತಾನೆ. ನಡುನೀರಿನಲ್ಲಿ ಹುಟ್ಟು ನಿಲ್ಲಿಸಿ ‘ಇನ್ನೂ ಹತ್ತು ರೂಪಾಯಿ ಕೊಡು’ ಎನ್ನುವ ಅಂಬಿಗನ ಹರಿಗೋಲನ್ನು ಮರುದಿನ ಯಾರೂ ಹತ್ತುವುದಿಲ್ಲ.

ಮೊಬೈಲ್ ಫೋನು ಬಂದ ಹೊಸತರಲ್ಲಿ ಅದರ ಬಾಡಿಗೆಯೂ ಹೀಗೆಯೇ ಬಯಲಾಗಿತ್ತು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ತಂತ್ರಜ್ಞನು ಕಳುಹಿಸಿದ ಕ್ರಿಸ್‌ಮಸ್ ಶುಭಾಶಯವೇ ಲೋಕದ ಮೊದಲ ಕಿರುಸಂದೇಶ. ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಆಗ ಮಾಡಿದ ಕರೆಗೂ ಹಣ, ಬಂದ ಕರೆಗೂ ಹಣ. 2003ರಲ್ಲಿ ಬರುವ ಕರೆ ಉಚಿತವಾಯಿತು. ಮಾಡುವ ಕರೆಯ ದರವೂ ವರ್ಷದಿಂದ ವರ್ಷಕ್ಕೆ ಇಳಿಯಿತು. ಮಾತಿನಿಂದ ಬರುವ ಲಾಭ ಕುಗ್ಗಿದಾಗ ಕಂಪನಿಗಳ ಕಣ್ಣು ಬೇರೆ ಸರಕುಗಳತ್ತ ಹೊರಳಿತು. ದಿನಭವಿಷ್ಯ, ಕ್ರಿಕೆಟ್ ಸ್ಕೋರು, ನಗೆಹನಿ, ಸಿನಿಮಾ ಹಾಡು ಎಲ್ಲವೂ ಸಂದೇಶದ ಮೂಲಕ ಮಾರಾಟಕ್ಕೆ ಬಂದವು. ಇವುಗಳಿಗೆ ‘ಮೌಲ್ಯವರ್ಧಿತ ಸೇವೆ’ ಎಂಬ ಗಂಭೀರವಾದ ಹೆಸರಿತ್ತು. ವರ್ಧಿಸಿದ ಮೌಲ್ಯ ಯಾರ ಜೇಬು ಸೇರಿತೆಂಬುದನ್ನು ಆ ಹೆಸರು ಹೇಳುತ್ತಿರಲಿಲ್ಲ.

ಕಂಪ್ಲಿಯ ಕೋಟೆಯ ಸಮೀಪದ ಒಂದು ಓಣಿಯಲ್ಲಿ ಅಜ್ಜಿಯೊಬ್ಬಳು ಮೊಮ್ಮಗಳೊಡನೆ ವಾಸವಾಗಿದ್ದಳು. ಮಗ ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಸೊಸೆಯೂ ಅಲ್ಲಿಯೇ ಕೂಲಿಗೆ ಹೋಗುತ್ತಿದ್ದಳು. 2011ರ ಜುಲೈ ತಿಂಗಳ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ತಡೆಯಿತು. ಕೆಂಧೂಳೆಬ್ಬಿಸಿ ಓಡುತ್ತಿದ್ದ ಲಾರಿಗಳು ಸಾಲುಸಾಲಾಗಿ ನಿಂತುಬಿಟ್ಟವು. ಬೆಟ್ಟಗಳ ಗಾಯವನ್ನು ಕಂಡವರು ಆ ಆದೇಶವನ್ನು ತಪ್ಪೆನ್ನಲಾರರು. ಆದರೂ ನಿಂತ ಲಾರಿಯ ಚಾಲಕನ ಮನೆಯಲ್ಲಿ ಒಲೆ ಉರಿಯಲೇಬೇಕು. ಮಗನು ಸಿಕ್ಕಿದ ಕೆಲಸ ಮಾಡುತ್ತ ಅಲ್ಲಿಯೇ ಉಳಿದ. ಅಜ್ಜಿ ಭತ್ತದ ನಾಟಿಗೆ ಹೋಗಿ ಮೊಮ್ಮಗಳನ್ನು ಓದಿಸುತ್ತಿದ್ದಳು. ಹುಡುಗಿ 2012ರ ಜೂನ್ ತಿಂಗಳಲ್ಲಿ ಒಂಬತ್ತನೆಯ ತರಗತಿಗೆ ಕಾಲಿಟ್ಟಿದ್ದಳು.

ಎರಡು ಮನೆಗಳ ನಡುವಿನ ಸೇತುವೆಯೆಂದರೆ ಅಜ್ಜಿಯ ಸಂಚಿಯಲ್ಲಿ ಎಲೆ ಅಡಿಕೆಗಳ ಜೊತೆಗಿದ್ದ ಪುಟ್ಟ ಮೊಬೈಲು. ಅಂಗಡಿಯಲ್ಲಿ ಹತ್ತು ರೂಪಾಯಿಯ ಕರೆನ್ಸಿ ಹಾಕಿಸಿದರೆ ತೆರಿಗೆಯೂ ಶುಲ್ಕವೂ ಕಳೆದು ಏಳು ಚಿಲ್ಲರೆ ರೂಪಾಯಿಯ ಮಾತು ದಕ್ಕುತ್ತಿತ್ತು. ಅದನ್ನೂ ಖರ್ಚು ಮಾಡದಂತೆ ಅವರು ಉಪಾಯ ಹೂಡಿದ್ದರು. ಒಂದು ಮಿಸ್ಡ್ ಕಾಲ್ ಎಂದರೆ ಎಲ್ಲರೂ ಕ್ಷೇಮ. ಎರಡು ಎಂದರೆ ‘ಕರೆ ಮಾಡು’. ಬಡವರು ಕಂಡುಹಿಡಿದ ಈ ತಂತಿಭಾಷೆಗೆ ಯಾವ ಕಂಪನಿಯೂ ದರ ಕಟ್ಟಲಾಗಲಿಲ್ಲ.

ಆಗಸ್ಟ್ ತಿಂಗಳಿಂದ ಕರೆನ್ಸಿ ನಿಲ್ಲದಾಯಿತು. ಸಂಜೆ ಹಾಕಿಸಿದ ಹಣ ಬೆಳಗಾಗುವಷ್ಟರಲ್ಲಿ ಕರಗಿಹೋಗುತ್ತಿತ್ತು. ಮನೆಯಲ್ಲಿ ಇರುವವರು ಇಬ್ಬರು. ಒಬ್ಬಳಿಗೆ ಅಕ್ಷರ ಬಾರದು, ಇನ್ನೊಬ್ಬಳಿಗೆ ಫೋನಿನ ಎಲ್ಲ ಗುಂಡಿಗಳೂ ಗೊತ್ತು. ಕಳ್ಳರು ಯಾರೆಂಬುದನ್ನು ಊಹಿಸಲು ಅಜ್ಜಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ‘ನಾ ಮುಟ್ಟಿಲ್ಲಜ್ಜಿ’ ಎಂದು ಹುಡುಗಿ ಅತ್ತಳು. ಆಣೆ ಇಟ್ಟಳು. ಇದರ ನಡುವೆ ಸಂಡೂರಿನಿಂದ ತಂದೆಯ ಕರೆ ಬಂದಿತು. ‘ಯವ್ವಾ, ನಿನ್ನ ಫೋನಿಗೆ ಹಚ್ಚಿದ್ರ ಸಿನಿಮಾ ಹಾಡು ಬರ್ತೈತಿ. ಓದೋ ಹುಡುಗಿಗೆ ಇದೆಲ್ಲ ಯಾಕ ಬೇಕಾಗಿತ್ತು?’ ಅಜ್ಜಿಯ ಸಂಶಯಕ್ಕೆ ಸಾಕ್ಷಿಯೇ ದೊರೆತಂತಾಯಿತು. ಆಣೆಗೆ ಬೆಲೆ ಉಳಿಯಲಿಲ್ಲ. ಬೇಸಿಗೆ ರಜೆ ಕಳೆದ ಮೇಲೆ ಹತ್ತನೆಯ ತರಗತಿಗೆ ಕಳುಹಿಸುವುದು ಬೇಡ, ತನ್ನ ಜೊತೆಗೆ ನಾಟಿಗೆ ಬರಲಿ ಎಂದು ಅಜ್ಜಿ ನೆರೆಯವರ ಮುಂದೆ ಹೇಳತೊಡಗಿದಳು. ಮಾಡಿದ ತಪ್ಪನ್ನು ಒಪ್ಪಿಕೊಂಡು ಹಗುರಾಗಬಹುದು. ಮಾಡದ ತಪ್ಪನ್ನು ಮಾಡಿಲ್ಲವೆಂದು ತೋರಿಸಿಕೊಡುವುದು ಹೇಗೆ? ಹದಿನಾಲ್ಕು ವರ್ಷದ ಆ ಹುಡುಗಿಯ ಬಳಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಫೋನಿದ್ದ ಕೋಣೆಗೆ ಕಾಲಿಡುವುದನ್ನೇ ಬಿಟ್ಟಳು.

ಕಡೆಗೆ ಅಜ್ಜಿಯೇ ಒಂದು ಪರೀಕ್ಷೆ ಇಟ್ಟಳು. ಡಿಸೆಂಬರಿನಲ್ಲಿ ಒಂದು ದಿನ ಐವತ್ತು ರೂಪಾಯಿ ಹಾಕಿಸಿ, ಫೋನನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಂಟು ದಿನಗಳ ಮೇಲೆ ತೆಗೆದು ಪಕ್ಕದ ಮನೆಯವನಿಂದ ನೋಡಿಸಿದರೆ ಮೂವತ್ತು ರೂಪಾಯಿ ಕಡಿಮೆಯಾಗಿತ್ತು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆ ರಾತ್ರಿ ರೊಟ್ಟಿಯ ಜೊತೆಗೆ ಹುಡುಗಿಯ ತಾಟಿಗೆ ಬೆಣ್ಣೆ ಬಿದ್ದಿತು. ಕೆಲವರು ಕ್ಷಮೆ ಕೇಳುವ ರೀತಿ ಅದು.

ಮರುದಿನ ಹುಡುಗಿ ಫೋನಿನಲ್ಲಿದ್ದ ಹಳೆಯ ಸಂದೇಶಗಳನ್ನು ತೆರೆದಳು. ಓದದೆ ಬಿಟ್ಟವು ನಲವತ್ತಕ್ಕೂ ಮಿಕ್ಕಿದ್ದವು. ಎಲ್ಲವೂ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಕಲಿತಷ್ಟು ಇಂಗ್ಲಿಷಿನಿಂದ ಒಂದೊಂದೇ ಪದವನ್ನು ಬಿಡಿಸಿ ಅವಳು ಆಗಸ್ಟ್ ತಿಂಗಳಿನ ಒಂದು ಸಂದೇಶವನ್ನು ಮುಟ್ಟಿದಳು. ಕಾಲರ್ ಟ್ಯೂನ್ ಸೇವೆಯನ್ನು ಆರಿಸಿಕೊಂಡುದಕ್ಕೆ ಕಂಪನಿ ವಂದನೆ ಹೇಳಿತ್ತು. ಮೂವತ್ತು ದಿನಕ್ಕೆ ಮೂವತ್ತು ರೂಪಾಯಿ ಎಂದೂ, ತಾನಾಗಿಯೇ ನವೀಕರಣವಾಗುವುದೆಂದೂ ಕೊನೆಯಲ್ಲಿ ಬರೆದಿತ್ತು. ಅಜ್ಜಿಗೆ ಆಗ ನೆನಪಾಯಿತು. ನಾಟಿಯ ದಿನ ಗದ್ದೆಯ ಬದುವಿನ ಮೇಲೆ ಕುಳಿತಿದ್ದಾಗ ಫೋನಿನ ಪರದೆಯ ಮೇಲೆ ಏನೋ ಬರೆಹ ಮೂಡಿ ಬೆಳಗುತ್ತಿತ್ತು. ಅದು ಹೋಗಲೆಂದು ಅವಳು ಕೆಸರುಗೈಯಿಂದಲೇ ನಡುವಿನ ಗುಂಡಿಯನ್ನು ಒತ್ತಿದ್ದಳು. ಬೆಳಕು ಹೋಗಿತ್ತು. ಒಪ್ಪಂದಕ್ಕೆ ಅವಳು ಹಾಕಿದ ಸಹಿ ಅದೇ.

ಸಂದೇಶಗಳೆಲ್ಲ ಇಂಗ್ಲಿಷಿನಲ್ಲಿದ್ದುದಕ್ಕೆ ಅಸಡ್ಡೆಯ ಜೊತೆಗೆ ಇನ್ನೊಂದು ಕಾರಣವೂ ಉಂಟು. ಒಂದು ಕಿರುಸಂದೇಶದಲ್ಲಿ ಇಂಗ್ಲಿಷಿನ 160 ಚಿಹ್ನೆಗಳು ಹಿಡಿಸುತ್ತವೆ. ಕನ್ನಡದಲ್ಲಿ ಬರೆದರೆ 70 ಮಾತ್ರ. ಅದರಲ್ಲಿಯೂ ಕೊಂಬು, ದೀರ್ಘ, ಒತ್ತುಗಳು ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ಕನ್ನಡದಲ್ಲಿ ಹೇಳಬೇಕಾದರೆ ಕಂಪನಿಗೆ ಎರಡು ಮೂರು ಸಂದೇಶಗಳ ಖರ್ಚು. ಹಾಡು ಮಾತ್ರ ಅಚ್ಚ ಕನ್ನಡದ್ದು, ಅದರ ಬೆಲೆ ಇಂಗ್ಲಿಷಿನದು.

ಕಾಲರ್ ಟ್ಯೂನ್ ಎಂಬುದರ ಸ್ವಭಾವವೇ ವಿಚಿತ್ರ. ಹಣ ಕೊಡುವವರು ಅದನ್ನು ಕೇಳುವುದಿಲ್ಲ. ಅವರಿಗೆ ಕರೆ ಮಾಡಿದವರ ಕಿವಿಗೆ ಮಾತ್ರ ಅದು ಬೀಳುತ್ತದೆ. ಹೀಗಾಗಿ ತನ್ನ ಫೋನಿನಲ್ಲಿ ಹಾಡು ಕುಳಿತಿದೆಯೆಂಬುದು ಅದರ ಒಡತಿಗೆ ತಿಳಿಯುವ ದಾರಿಯೇ ಇಲ್ಲ. ಸಾಲದುದಕ್ಕೆ, ಕರೆ ಮಾಡಿದವರು ಹಾಡು ಕೇಳುತ್ತಿರುವಾಗ ನಕ್ಷತ್ರದ ಗುರುತಿನ ಗುಂಡಿ ಒತ್ತಿದರೆ ಅದೇ ಹಾಡು ಅವರ ಫೋನಿಗೂ ದಾಟುವ ಏರ್ಪಾಡು ಇತ್ತು. ನೆಗಡಿಯೂ ಹೀಗೆಯೇ ಹರಡುತ್ತದೆ. ಬೇರೆ ದಾರಿಗಳೂ ಇದ್ದವು. ಮೊದಲ ಕೆಲವು ದಿನ ಉಚಿತವೆಂದು ಕೊಟ್ಟು ಆಮೇಲೆ ಸದ್ದಿಲ್ಲದೆ ಹಣ ಕಳೆಯುವುದು ಒಂದು. ಖಾತೆಯಲ್ಲಿ ಹಣವಿಲ್ಲದಿದ್ದರೆ ಕಾದಿದ್ದು, ಕರೆನ್ಸಿ ಬಿದ್ದ ಕೂಡಲೇ ಬಾಚಿಕೊಳ್ಳುವುದು ಇನ್ನೊಂದು.

ಸಂಕ್ರಾಂತಿಯ ಸಂತೆಗೆಂದು ಅಜ್ಜಿ ಮೊಮ್ಮಗಳು ಬಸ್ಸು ಹಿಡಿದು ಹೊಸಪೇಟೆಗೆ ಹೋದರು. ನಿಲ್ದಾಣದ ಬಳಿಯ ಅಂಗಡಿಯವನು ಫೋನು ನೋಡಿ, ‘ಅಮ್ಮಾ, ನಿಮ್ಮ ನಂಬರಿಗೆ ಹಾಡು ಕೂತೈತಿ. ತಿಂಗಳಾ ಮೂವತ್ತು ರೂಪಾಯಿ ಅದಕ್ಕ ಹೋಗ್ತೈತಿ. ವಾರಕ್ಕ ಹತ್ತು ಜನ ಇದನ್ನ ತರ್ತಾರ’ ಎಂದ. ನಿಲ್ಲಿಸಲು ಕಳುಹಿಸಬೇಕಾದ ಪದವನ್ನೂ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದುಕೊಟ್ಟ. ಹುಡುಗಿ ಅಕ್ಷರಗಳನ್ನು ಒತ್ತುತ್ತಿರುವಾಗ ಅಜ್ಜಿ ಕೈ ಹಿಡಿದಳು. ‘ತಡಿ. ಐದು ತಿಂಗಳು ರೊಕ್ಕ ಕೊಟ್ಟೀನಿ. ಆ ಹಾಡು ಯಾವುದೈತಿ ಕೇಳೂಣು.’

ಅಂಗಡಿಯವನು ನಕ್ಕು ತನ್ನ ಫೋನಿನಿಂದ ಅಜ್ಜಿಯ ಸಂಖ್ಯೆಗೆ ಕರೆ ಮಾಡಿ ಅವಳ ಕಿವಿಗೆ ಹಿಡಿದ. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಹಾಡು ತಾನಾಗಿ ನಿಲ್ಲುವ ತನಕ ಕೇಳಿದಳು. ‘ಚಲೋ ಐತಿ,’ ಎಂದಳು. ‘ತಗಿ ಇನ್ನ.’

ಕಳೆದುಹೋದುದು 150 ರೂಪಾಯಿ. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 155 ರೂಪಾಯಿ ಇದ್ದಿತು. ಬಿಸಿಲಿನಲ್ಲಿ ಬಾಗಿ ದುಡಿದ ಒಂದು ದಿನ ಹಾಗೆ ಹೋಯಿತು. ಹುಡುಗಿ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಗೆ ಹೋದಳು.

ಇಂತಹ ಕಡಿತದ ದೂರುಗಳು ದೇಶದ ಮೂಲೆಮೂಲೆಗಳಿಂದ ಬರುತ್ತಿದ್ದವು. ದೊಡ್ಡ ಊರಿನವರು ಮೋಸಹೋಗಲಿಲ್ಲವೆಂದು ತಿಳಿಯಬಾರದು. 2007ರಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಕಾರ್ಯಕ್ರಮದ ವೀಕ್ಷಕರಿಗಾಗಿ ನಡೆದ ಸ್ಪರ್ಧೆಗೆ ಒಂದು ಉತ್ತರ ಕಳುಹಿಸಲು 2 ರೂಪಾಯಿ 40 ಪೈಸೆ ತಗಲುತ್ತಿತ್ತು; ಅದು ಸಾಮಾನ್ಯ ಸಂದೇಶಕ್ಕಿಂತ ಹೆಚ್ಚಿನ ದರ. ಕೋಟಿಗಟ್ಟಲೆ ಸಂದೇಶಗಳು ಬಂದವು. ಬಹುಮಾನದ ಹಣ ಸ್ಪರ್ಧಾಳುಗಳ ಜೇಬಿನಿಂದಲೇ ಬಂದಿತೆಂದು ಗ್ರಾಹಕರ ಸಂಘವೊಂದು ದೂರಿತು. ರಾಷ್ಟ್ರೀಯ ಗ್ರಾಹಕರ ಆಯೋಗವು 2008ರಲ್ಲಿ ಒಂದು ಕೋಟಿ ರೂಪಾಯಿ ದಂಡ ವಿಧಿಸಿತು. ಆದರೆ ಆ ಮಾತಿಗೆ ತಕ್ಕ ಆಧಾರವಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಅದನ್ನು ರದ್ದುಗೊಳಿಸಿತು. ಗುಟ್ಟಿನ ಲೆಕ್ಕವನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಅಷ್ಟು ಸುಲಭವಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2012ರಲ್ಲಿ ಒಂದು ನಿಯಮ ಮಾಡಿ, ಮುಂಗಡ ಹಣ ಕೊಡುವ ಗ್ರಾಹಕನೂ ಹಿಂದಿನ ಆರು ತಿಂಗಳ ಕಡಿತದ ವಿವರವನ್ನು 50 ರೂಪಾಯಿಗೆ ಮೀರದ ಶುಲ್ಕ ಕೊಟ್ಟು ಪಡೆಯಬಹುದೆಂದಿತು. ಮೂವತ್ತು ರೂಪಾಯಿ ಎಲ್ಲಿ ಹೋಯಿತೆಂದು ತಿಳಿಯಲು ಐವತ್ತು ರೂಪಾಯಿ! ಆದರೂ ಇಲ್ಲದುದಕ್ಕಿಂತ ಅದು ಲೇಸು. 2013ರ ಜುಲೈ ತಿಂಗಳಲ್ಲಿ ಬಂದ ಆದೇಶ ಹೆಚ್ಚು ಗಟ್ಟಿಯಾದದ್ದು. ಯಾವ ಸೇವೆಯನ್ನು ಹಚ್ಚುವುದಕ್ಕೂ ಗ್ರಾಹಕನ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕು. ಎರಡನೆಯ ಒಪ್ಪಿಗೆ ಬಾರದಿದ್ದರೆ ಹಣ ಕಳೆಯಕೂಡದು. ಬೇಡವಾದ ಸೇವೆಯನ್ನು ತೆಗೆಯಲು ಎಲ್ಲ ಕಂಪನಿಗಳಿಗೂ 155223 ಎಂಬ ಒಂದೇ ಉಚಿತ ಸಂಖ್ಯೆ ಗೊತ್ತಾಯಿತು. ಈ ಆದೇಶ ಒಂದು ವರ್ಷ ಮೊದಲು ಬಂದಿದ್ದರೆ ಬದುವಿನ ಮೇಲಿನ ಆ ಒಂದು ಒತ್ತು ಸಹಿಯಾಗುತ್ತಿರಲಿಲ್ಲ.

ಬಲೆ ನೇಯುವವರು ಆ ಮೇಲೆಯೂ ಸುಮ್ಮನಿರಲಿಲ್ಲ. ಹಾಡಿನ ಜಾಗಕ್ಕೆ ಆಪ್‌ಗಳು ಬಂದವು, ಕರೆನ್ಸಿಯ ಜಾಗಕ್ಕೆ ಬ್ಯಾಂಕಿನ ಖಾತೆಯೇ ಬಂದಿತು. ಆಪ್ ಮೂಲಕ ತಿಂಗಳು ತಿಂಗಳೂ ತಾನಾಗಿ ಕಡಿತವಾಗುವ ಹಣದ ಬಗ್ಗೆ 24 ಗಂಟೆ ಮೊದಲೇ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ಕಟ್ಟಳೆ 2021ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. 2023ರ ನವೆಂಬರ್ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತಹ ಚಂದಾ ಬಲೆಯೂ ಅದರಲ್ಲಿ ಸೇರಿದೆ. ದೂರು ಹೇಳಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಎಂಬ ಸಂಖ್ಯೆ ಇದೆ.

ಆ ಹುಡುಗಿ ಈಗ ಹೊಸಪೇಟೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾಳೆ. ಗಣಿಗಳು ಮತ್ತೆ ತೆರೆದ ಮೇಲೆ ತಂದೆ ಲಾರಿ ಹತ್ತಿದ; ಅವನ ಕೈಯಲ್ಲಿ ಈಗ ಅಂಗೈಯಗಲದ ಫೋನು. ಮಗಳ ಮೇಲೆ ಹಾಡಿನ ಅಪವಾದ ಹೊರಿಸಿದುದನ್ನು ಅವನು ಬಾಯಿಬಿಟ್ಟು ಎಂದೂ ಎತ್ತಿಲ್ಲ. ಆದರೆ ಅದಿರು ತುಂಬುವ ಸರದಿಗಾಗಿ ಸಂಡೂರಿನ ರಸ್ತೆಯ ಬದಿಯಲ್ಲಿ ಕಾಯುತ್ತಿರುವಾಗ ಪರದೆಯ ಮೇಲೆ ಏನಾದರೂ ಹೊಸದು ಮಿಂಚಿದರೆ ಅವನ ಬೆರಳು ಗಾಳಿಯಲ್ಲಿಯೇ ನಿಲ್ಲುತ್ತದೆ. ಜೊತೆಯ ಚಾಲಕನ ಫೋನಿನಿಂದ ಮಗಳಿಗೆ ಕರೆ ಹೋಗುತ್ತದೆ.

‘ಮೊದಲನೇ ತಿಂಗಳು ಪುಕ್ಕಟ ಅಂತ ಬಂದೈತವ್ವಾ. ಒತ್ತಲಿ?’

‘ಅದರ ಕೆಳಗ ಸಣ್ಣ ಅಕ್ಷರದಾಗ ಏನೈತಿ ಓದ್ರಿ ಅಪ್ಪಾ.’

ಅವನು ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗುತ್ತಾನೆ.