ಮಟ್ಟು ಮೊದಲು, ಮಾತು ಆಮೇಲೆ

ದುನ್‌ಹುವಾಂಗ್ ಊರಿನಿಂದ ಮೊಗಾವೊ ಗುಹೆಗಳಿಗೆ 25 ಕಿಲೋಮೀಟರ್. ದಾರಿಯುದ್ದಕ್ಕೂ ಗೋಬಿ ಮರುಭೂಮಿಯ ಬೂದು ಜಲ್ಲಿ. ಗುಹೆಯೊಳಗೆ ಫೋಟೊ ತೆಗೆಯುವಂತಿಲ್ಲ. ಗೈಡ್ ಕೈಯ ಟಾರ್ಚ್ ಎತ್ತ ತಿರುಗಿತೋ ಅತ್ತ ನಮ್ಮ ಕಣ್ಣು. ಗೋಡೆಯ ಮೇಲೆ ಅಮಿತಾಭ ಬುದ್ಧನ ಸುಖಾವತಿ. ಅದರ ಆಕಾಶದಲ್ಲಿ ವಾದ್ಯಗಳು ತೇಲುತ್ತಿವೆ! ಪಿಪಾ ಎಂಬ ತಂತಿವಾದ್ಯ, ಕೊಳಲು, ಡೋಲು, ಒಂದೊಂದಕ್ಕೂ ಹಾರಾಡುವ ರೇಷ್ಮೆ ಪಟ್ಟಿ. ನುಡಿಸುವವರು ಯಾರೂ ಇಲ್ಲ. ಆ ಲೋಕದಲ್ಲಿ ವಾದ್ಯಗಳು ತಾವಾಗಿಯೇ ನುಡಿಯುತ್ತವಂತೆ. ಕೆಳಗಿನ ವೇದಿಕೆಯಲ್ಲಿ ಮಾತ್ರ ಮನುಷ್ಯರೂಪದ ವಾದಕರ ಸಾಲು, ನಡುವೆ ಗಿರ್ರನೆ ತಿರುಗುವ ನರ್ತಕಿಯರು. ಇವರು ನುಡಿಸಿದ್ದೇನು ಎಂದು ಹುಡುಕಿಕೊಂಡೇ ನಾನು ಇಷ್ಟು ದೂರ ಬಂದದ್ದು. ಚಿತ್ರ ಹಾಡುವುದಿಲ್ಲ ಎಂದು ಗೊತ್ತಿದ್ದರೂ ಕಿವಿ ನಿಮಿರಿತು.

ಈ ಹುಡುಕಾಟಕ್ಕೆ ನನ್ನನ್ನು ಎಳೆದದ್ದು ಚೀನೀಯರ 'ತ್ಸಿ' ಎಂಬ ಕಾವ್ಯಪ್ರಕಾರ. ಅದು ತಾಂಗ್ ರಾಜರ ಕಾಲದ ಔತಣಕೂಟಗಳಲ್ಲಿ, ಹಾಡುವ ಹೆಂಗಸರ ಬಾಯಲ್ಲಿ ಬೆಳೆಯಿತು. ಮಟ್ಟು ಮೊದಲೇ ಇರುತ್ತಿತ್ತು. ಬರೆಯುವವನು ಅದಕ್ಕೆ ಮಾತು ತುಂಬಬೇಕು. ಯಕ್ಷಗಾನದ ಪದ್ಯ ಕಟ್ಟುವವರಿಗೆ ಇದು ಹೊಸತೇನಲ್ಲ. ಅದಕ್ಕೇ ತ್ಸಿಯ ಸಾಲುಗಳು ಒಂದು ಉದ್ದ, ಒಂದು ಗಿಡ್ಡ. 'ಪೂಸಾಮಾನ್' ಎಂಬ ಮಟ್ಟನ್ನು ಹಿಡಿದರೆ ಏಳಕ್ಷರದ ಎರಡು ಸಾಲು, ಐದಕ್ಷರದ ಆರು ಸಾಲು, ಒಟ್ಟು 44 ಅಕ್ಷರ. ಎರಡೆರಡು ಸಾಲಿಗೆ ಪ್ರಾಸ ಬದಲಾಗಬೇಕು. ಯಾವ ಜಾಗದಲ್ಲಿ ಸಮಸ್ವರದ ಅಕ್ಷರ, ಯಾವ ಜಾಗದಲ್ಲಿ ಏರಿಳಿಯುವ ಅಕ್ಷರ ಎಂಬುದೂ ಗೊತ್ತುಮಾಡಿದ್ದೇ. ತಲೆಬರಹವೂ ಮಟ್ಟಿನದೇ. ನಿಯಾನ್ ನು ತಾಂಗ್ ಕಾಲದ ಹೆಸರಾಂತ ಗಾಯಕಿ. ಅವಳ ಹೆಸರಿನ ಮಟ್ಟಿಗೆ ಸುಂಗ್ ಕಾಲದ ಸು ಷಿ ಕೆಂಬಂಡೆಯ ಪುರಾತನ ಯುದ್ಧವನ್ನು ಕೂರಿಸಿದ. ಹಡಗುಗಳು ಉರಿದುಹೋದ ಕಾಳಗದ ಕವಿತೆಯ ನೆತ್ತಿಯ ಮೇಲೆ ಇವತ್ತಿಗೂ ಒಬ್ಬ ಹಾಡುಗಾರ್ತಿಯ ಹೆಸರಿದೆ.

ಹಳೆಯ ತ್ಸಿಗಳು ಸಿಕ್ಕಿದ್ದೂ ಮೊಗಾವೊದಲ್ಲೇ. ಅಲ್ಲಿನ ಹದಿನೇಳನೆಯ ಗುಹೆ ಎಂದರೆ ದೊಡ್ಡ ಗುಹೆಯೊಂದರ ಓಣಿಗೋಡೆಯಲ್ಲಿ ಕೊರೆದ ಸಣ್ಣ ಕೋಣೆ. ಬಾಗಿಲಲ್ಲೇ ನಿಂತು ಇಣುಕಬೇಕು. 11ನೇ ಶತಮಾನದಲ್ಲಿ ಯಾರೋ ಅದನ್ನು ಮುಚ್ಚಿ ಮೇಲೆ ಚಿತ್ರ ಬರೆಸಿಬಿಟ್ಟರು. 1900ರಲ್ಲಿ ವಾಂಗ್ ಯುವಾನ್‌ಲು ಎಂಬ ತಾವೊ ಸನ್ಯಾಸಿಗೆ ಅದು ಸಿಕ್ಕಿತು. ಒಳಗೆ ಸೂರಿನವರೆಗೆ ಪೇರಿಸಿಟ್ಟ ಸುರುಳಿಗಳು. 1907ರಲ್ಲಿ ಬ್ರಿಟಿಷ್ ಅನ್ವೇಷಕ ಔರೆಲ್ ಸ್ಟೈನ್, ಮರುವರ್ಷ ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ ಬಂದು ಗಾಡಿಗಟ್ಟಲೆ ಕೊಂಡೊಯ್ದರು. ಅದರೊಳಗೆ 'ಯುನ್‌ಯಾವೊ ಜಿ' ಎಂಬ ಮೂವತ್ತು ತ್ಸಿಗಳ ಸಂಕಲನವೂ ಇತ್ತು. ಗಡಿ ಕಾಯಲು ಹೋದ ಗಂಡನನ್ನು ನೆನೆದು ಕೊರಗುವ ಹೆಂಡತಿಯರ ದನಿ ಅದರಲ್ಲಿದೆ. ಈಗ ಅದರ ಒಂದಷ್ಟು ಭಾಗ ಲಂಡನ್ನಿನಲ್ಲಿ, ಒಂದಷ್ಟು ಪ್ಯಾರಿಸ್ಸಿನಲ್ಲಿ. ವಿರಹದ ಹಾಡುಗಳನ್ನೂ ಅಗಲಿಸಿದ ಪುಣ್ಯಾತ್ಮರು!

ನನ್ನನ್ನು ನಿಲ್ಲಿಸಿ ಕಾಡಿದ್ದು ಪ್ಯಾರಿಸ್ಸಿನಲ್ಲಿರುವ ಇನ್ನೊಂದು ಸುರುಳಿ. ಅದರ ಒಂದು ಮಗ್ಗುಲಲ್ಲಿ 933ನೇ ಇಸವಿಯ ಬೌದ್ಧ ಪ್ರವಚನ. ಬೆನ್ನ ಮೇಲೆ ಪಿಪಾ ವಾದ್ಯಕ್ಕೆ ಬರೆದಿಟ್ಟ 25 ಮಟ್ಟುಗಳ ಸ್ವರಲಿಪಿ. ಅವುಗಳಲ್ಲಿ ಒಂದು 'ಷಿಜಿಯಾಂಗ್ ಯುವೆ'. ಮುಂದೆ ಸುಂಗ್ ಕವಿಗಳು ಮತ್ತೆ ಮತ್ತೆ ಮಾತು ತುಂಬಿದ ಮಟ್ಟಿನ ಹೆಸರು ಅದು. ಕಾಗದ ದುಬಾರಿಯಾಗಿದ್ದ ಊರಿನಲ್ಲಿ ಸುರುಳಿಯ ಯಾವ ಮಗ್ಗುಲನ್ನೂ ಖಾಲಿ ಬಿಟ್ಟಿಲ್ಲ.

ಷಿಯಾನ್‌ಗೆ ರಾತ್ರಿಯ ರೈಲು. ಕಿಟಕಿಯಾಚೆ ಕತ್ತಲು. ಇದೇ ದಾರಿಯಲ್ಲಿ ಪಿಪಾವೂ ಪೂರ್ವಕ್ಕೆ ಹೋಗಿತ್ತು. 568ರಲ್ಲಿ ತುರ್ಕಿ ರಾಜಕುಮಾರಿಯೊಬ್ಬಳು ಉತ್ತರ ಚೀನಾದ ಅರಸನಿಗೆ ಮದುವೆಯಾಗಿ ಬಂದಾಗ ಅವಳ ಪರಿವಾರದಲ್ಲಿ ಕೂಚಾ ನಗರದ ಪಿಪಾ ವಾದಕ ಸುಜಿಪೊ ಇದ್ದ. ಅವನು ವಿವರಿಸಿದ ಏಳು ಧಾಟಿಗಳ ಹೆಸರುಗಳನ್ನು ಸುಯಿ ವಂಶದ ಇತಿಹಾಸ ಬರೆದಿಟ್ಟಿದೆ. ಚೀನೀ ಉಚ್ಚಾರಣೆಯ ಮುಸುಕು ಸರಿಸಿ ವಿದ್ವಾಂಸರು ಅವುಗಳಲ್ಲಿ ಗುರುತಿಸಿದ ಹೆಸರುಗಳು: ಸಾಧಾರಿತ, ಕೈಶಿಕ, ಷಡ್ಜಗ್ರಾಮ, ಷಾಡವ, ಪಂಚಮ. ಪುದುಕೋಟೆಯ ಹತ್ತಿರ ಕುಡುಮಿಯಾನ್‌ಮಲೈ ಬಂಡೆಯಲ್ಲಿ ಕೆತ್ತಿದ ಸಂಗೀತ ಶಾಸನದಲ್ಲಿ ಈ ಹೆಸರುಗಳೆಲ್ಲ ಇವೆ! ಆ ಬರ್ತಿನಲ್ಲಿ ನನಗೆ ನಿದ್ದೆ ಹತ್ತಲಿಲ್ಲ. ಕೂಚಾದ ಈ ಸಂಗೀತ ಚೀನೀ ಜನಪದದ ಜೊತೆ ಬೆರೆತು ಔತಣ ಸಂಗೀತವಾಯಿತು. 714ರಲ್ಲಿ ಚಕ್ರವರ್ತಿ ಷುವಾನ್‌ಜುಂಗ್ ಚಾಂಗ್ಆನಿನಲ್ಲಿ ಗಾಯಕಿಯರ, ನರ್ತಕಿಯರ ಶಾಲೆಗಳನ್ನು ವಿಸ್ತರಿಸಿದ. ಮಟ್ಟುಗಳು ಅಲ್ಲಿಂದ ಬೀದಿಗೆ, ಬೀದಿಯಿಂದ ಕವಿಗಳ ಕೈಗೆ ಬಂದವು.

ಆ ಚಾಂಗ್ಆನೇ ಇಂದಿನ ಷಿಯಾನ್. ನಗರದ ವಿಚಾರ ಬಿಡಿ. ಪ್ರವಾಸಿಗಳಿಗಾಗಿ ತಾಂಗ್ ವೇಷ ತೊಟ್ಟ ಹುಡುಗಿಯರ ಬೀದಿ ಸಾಕಷ್ಟು ಹೊಳೆಯುತ್ತದೆ, ನನಗೆ ಅದರಲ್ಲಿ ಏನೂ ಕೇಳಿಸಲಿಲ್ಲ. ಹುಡುಕಬೇಕಾದ್ದು ಊರ ದಕ್ಷಿಣದ ಹಳ್ಳಿಗಳಲ್ಲಿತ್ತು.

ತ್ಸಿಯ ಕಥೆಯಲ್ಲಿ ದೊಡ್ಡ ನಷ್ಟವೊಂದಿದೆ. ಸುಂಗ್ ಕಾಲ ಮುಗಿದ ಮೇಲೆ ಮಟ್ಟುಗಳು ಒಂದೊಂದಾಗಿ ಜನರ ಬಾಯಿಂದ ಜಾರಿದವು. ಅಳತೆ ಮಾತ್ರ ಉಳಿಯಿತು. 1715ರಲ್ಲಿ ಕಾಂಗ್‌ಷಿ ಚಕ್ರವರ್ತಿಯ ಅಪ್ಪಣೆಯಿಂದ ತಯಾರಾದ ಕೋಶ 826 ಮಟ್ಟುಗಳನ್ನು ಪಟ್ಟಿಮಾಡಿತು, ಅಷ್ಟನ್ನೂ ಅಕ್ಷರ ಎಣಿಸಿ. ಹಾಡುವವರಿಗೆ ಅದರಿಂದ ಏನೂ ಪ್ರಯೋಜನವಿರಲಿಲ್ಲ. ಆದರೆ ಜಿಯಾಂಗ್ ಕುಯಿ ಎಂಬ ಬಡ ಸುಂಗ್ ಕವಿ ತಾನೇ ಕೊಳಲು ನುಡಿಸಿ ಮಟ್ಟು ಕಟ್ಟುವವನಾಗಿದ್ದ. ಹಾಳುಬಿದ್ದ ಯಾಂಗ್‌ಜೋ ನಗರವನ್ನು 1176ರ ಚಳಿಗಾಲದಲ್ಲಿ ಕಂಡು ಅವನು ಹೊಸ ಮಟ್ಟೊಂದನ್ನು ಕಟ್ಟಿದ. ಅವನ 17 ತ್ಸಿಗಳ ಪಕ್ಕದಲ್ಲಿ, ಪ್ರತಿ ಅಕ್ಷರದ ಬಲಬದಿಗೆ, ಇರುವೆಯ ಸಾಲಿನಂಥ ಸಣ್ಣ ಗುರುತುಗಳು ಉಳಿದಿವೆ. ಅವುಗಳನ್ನು ಓದುವ ಕೀಲಿಕೈ 1950ರ ದಶಕದಲ್ಲಿ ಯಾಂಗ್ ಯಿನ್‌ಲಿಯು ಎಂಬ ಸಂಗೀತ ವಿದ್ವಾಂಸನಿಗೆ ಈ ಷಿಯಾನ್ ಸೀಮೆಯ ವಾದಕರ ಕೈಬರಹದ ಪುಸ್ತಕಗಳಲ್ಲಿ ಸಿಕ್ಕಿತು. ಅದೇ ಜಾತಿಯ ಗುರುತುಗಳನ್ನು ಹಳ್ಳಿಯವರು ಇನ್ನೂ ಬಳಸುತ್ತಿದ್ದರು!

ನಾನು ಹೋದ ಹಳ್ಳಿಯ ಮೇಳದವರು ಸಂಜೆ ಒಂದು ಹಜಾರದಲ್ಲಿ ಸೇರಿದ್ದರು. ಹೆಚ್ಚಿನವರು ಹೊಲದ ಕೆಲಸ ಮುಗಿಸಿ ಬಂದವರು. ಕೊಳಲು, ಬಿದಿರಿನ ನಳಿಗೆಗಳ ಗೊಂಚಲಿನಂತಿರುವ ಶಂಗ್, ಕೆಂಪು ಡೋಲುಗಳು. 2009ರಲ್ಲಿ ಯುನೆಸ್ಕೊ ಷಿಯಾನ್ ಸೀಮೆಯ ಈ ಬಗೆಯ ವಾದ್ಯಮೇಳವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ. ವಾದ್ಯ ಮುಟ್ಟುವ ಮೊದಲು ಅವರು ಪಾಠವನ್ನು ಬಾಯಲ್ಲಿ ಹಾಡಿದರು. ಪುಸ್ತಕದಲ್ಲಿ ಇರುವುದು ಬರೀ ಎಲುಬು. ಬಾಯಿಗೆ ಬರುವಾಗ ನಡುನಡುವೆ 'ಹಾ' ಎಂದು ಎಳೆದು, ಬಾಗಿಸಿ, ಮೈ ತುಂಬುತ್ತಾರೆ. ಆಮೇಲೆ ಡೋಲು ಬಿತ್ತು. ಕೊಳಲು ಆ ಗದ್ದಲವನ್ನು ಸೀಳಿಕೊಂಡು ಮೇಲೆದ್ದಿತು. ನನ್ನ ಎದೆಯ ಗೂಡು ಅದುರಿತು. ಗೋಡೆಯ ಮೇಲೆ ಮೂಕರಾಗಿದ್ದ ವಾದಕರು ಇಷ್ಟು ಜೋರು ಮಾಡುತ್ತಿದ್ದರು ಎಂದು ನಾನು ಎಣಿಸಿಯೇ ಇರಲಿಲ್ಲ.

ಬಿಡುವಿನಲ್ಲಿ, ಜೊತೆಗಿದ್ದ ವಿದ್ಯಾರ್ಥಿನಿಯ ಮೂಲಕ, ಫೋನಿನಲ್ಲಿ ಇಟ್ಟುಕೊಂಡಿದ್ದ ಜಿಯಾಂಗ್ ಕುಯಿಯ ಪುಟವನ್ನು ಹಿರಿಯ ಕೊಳಲುಗಾರರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡರು. ಒಂದೆರಡು ಗುರುತುಗಳಲ್ಲಿ ತಡೆದರು, ಉಳಿದವನ್ನು ಗುನುಗಿಕೊಂಡು ಹೋದರು. ತಾಳ ಎಲ್ಲಿ ಬೀಳುತ್ತದೆ ಎಂದು ಕೇಳಿದೆ. ಆ ಪುಟದಲ್ಲಿ ಲಯದ ಲೆಕ್ಕ ಸರಿಯಾಗಿಲ್ಲ. ವಿದ್ವಾಂಸರು ಅದಕ್ಕಾಗಿ ಇನ್ನೂ ಜಗಳವಾಡುತ್ತಾರೆ.

"ಅದನ್ನು ಬರೆಯುವುದಿಲ್ಲವಲ್ಲ, ಗುರು ಹೇಳಿಕೊಡಬೇಕು," ಎಂದರು ಅಜ್ಜ. "ಇವನ ಶಿಷ್ಯರು ಯಾರಾದರೂ ಇದ್ದಾರೆಯೇ, ಕೇಳಿ ನೋಡಿ." ಫೋನು ನನ್ನ ಕೈಗಿಟ್ಟು, ಬಿಡುಬೀಸಾಗಿ ಕೂತಿದ್ದ ಡೋಲಿನ ಹುಡುಗನನ್ನು ಗದರಿ, ಮುಂದಿನ ಪಾಠಕ್ಕೆ ಪುಟ ತಿರುಗಿಸಿದರು.